ಅಕ್ಕನ ಮನೆಯ ಇಂಗುಗುಂಡಿ

ಈ ಸಂಡಾಸದ ಗುಂಡಿ ಎಂದಿಗೂ ಸರಿಹೋಗುವುದಿಲ್ಲ ಎಂದು ಮೊದಲು ಹೇಳಿದವನು ವಿಜಯಪುರದಿಂದ ಸಕ್ಕಿಂಗ್ ಟ್ಯಾಂಕರ್ ತರುತ್ತಿದ್ದ ಚಾಲಕ. ಗುಂಡಿಯನ್ನು ಮತ್ತೊಮ್ಮೆ ಹೀರಿ ಬರಿದು ಮಾಡಿ, ಪೈಪು ಸುತ್ತಿಡುತ್ತ, "ನನ್ನ ನಂಬರ ಗ್ವಾಡಿ ಮ್ಯಾಲೆ ಬರದಿಟ್ಟಬಿಡ್ರಿ. ಇದು ದುರಸ್ತಿ ಆಗು ಮಾಲ ಅಲ್ಲ" ಎಂದ. ಎರಡನೆಯವನು ಅದನ್ನು ಕಟ್ಟಿದ ನಿಡೋಣಿಯ ಗೌಂಡಿ. ತಾನು ಕಟ್ಟಿದ್ದರಲ್ಲಿ ತಪ್ಪಿಲ್ಲ, ತಪ್ಪಿರುವುದು ನೆಲದಲ್ಲಿ ಎಂಬುದು ಅವನ ವಾದ. ಮೂರನೆಯವರು ನನ್ನ ಅಕ್ಕನ ಗಂಡ, ನಾನು ಮಾಮಾ ಎಂದು ಕರೆಯುವವರು. ಅವರು ಬಾಯಿಬಿಟ್ಟು ಏನೂ ಹೇಳಲಿಲ್ಲ. ಬೆಳಿಗ್ಗೆ ಎದ್ದು ಚರಿಗೆ ಹಿಡಿದುಕೊಂಡು ಹೊಲದ ಕಡೆ ನಡೆದರು, ಅಷ್ಟೇ.

ನಾನು ಸಿವಿಲ್ ಇಂಜಿನಿಯರ್. ಬಾವಿ ತೋಡುವವರ ಮಗ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕೆಲವು ಪರೀಕ್ಷೆಗಳನ್ನು ಎರಡೆರಡು ಸಲ ಬರೆದು ಪಾಸಾದವನು. ಇಬ್ರಾಹಿಂಪುರದಲ್ಲಿ ರೈಲುಹಳಿಯ ಹತ್ತಿರ ಒಂದೇ ಕೋಣೆಯ ಆಫೀಸು ಇಟ್ಟುಕೊಂಡು ಮನೆಗಳ ನಕ್ಷೆ ಬರೆಯುತ್ತೇನೆ, ಕಟ್ಟಿಸಿಯೂ ಕೊಡುತ್ತೇನೆ. ಅಕ್ಕನ ಮನೆ ತಿಕೋಟಾ ದಾಟಿದ ಮೇಲೆ, ದ್ರಾಕ್ಷಿ ತೋಟದೊಳಗೆ. ಒಂದೆಕರೆ ಬಳ್ಳಿ, ಹಣ್ಣು ಒಣಗಿಸುವ ಒಂದು ಶೆಡ್ಡು, ಎರಡು ಎಮ್ಮೆ, ಒಂದು ಬಾವಿ. ಸುತ್ತಲಿನ ಕೊಳವೆಬಾವಿಗಳ ನೀರೆಲ್ಲ ಸವಳು. ಇದೊಂದು ಬಾವಿಯ ನೀರು ಮಾತ್ರ ಸಿಹಿ.

ಅಕ್ಕನ ಮಗಳು ಚೊಚ್ಚಲ ಬಸುರಿ. ಗಂಡನ ಮನೆ ವಿಜಯಪುರದಲ್ಲಿ. ಅವಳ ಅತ್ತೆ, ಅಂದರೆ ನಮ್ಮ ಬೀಗಿತಿ, ಆಸ್ಪತ್ರೆಯಲ್ಲಿ ನರ್ಸ್. ಸಂಕ್ರಾಂತಿಗೆ ಸೊಸೆಯನ್ನು ಕರೆದುಕೊಂಡು ತೋಟಕ್ಕೆ ಬಂದಿದ್ದಾಗ ಅಂಗಳದಲ್ಲಿ ಸಂಡಾಸದ ನೀರು ಹರಿಯುವುದನ್ನು ಕಂಡಿದ್ದರು. ಆಗ ಏನೂ ಅನ್ನಲಿಲ್ಲ. ಏಳನೇ ತಿಂಗಳ ಕುಬಸದ ದಿನ, ಬೀಗರ ಮನೆಯಲ್ಲಿ ಉಡಿ ತುಂಬಿಸಿ, ಊಟಕ್ಕೆ ಕುಳಿತಾಗ, ಅಕ್ಕ ಮಗಳನ್ನು ಯಾವಾಗ ಕರೆದೊಯ್ಯಲಿ ಎಂದು ಕೇಳಿದಳು.

"ಕಳಸಂಗಿಲ್ಲ ಅಂತ ನಾ ಅನ್ನಾಕತ್ತಿಲ್ಲರಿ," ಎಂದರು ಬೀಗಿತಿ. "ಆದ್ರ ನಿಮ್ಮ ಸಂಡಾಸದ ಗುಂಡಿ ತುಂಬಿ ಹರ್ಯಾಕತ್ತೈತಿ. ಬಾವಿ ಅಲ್ಲೇ ಐತಿ."

"ಕುಡ್ಯಾಕ ಕ್ಯಾನ್ ನೀರು ತರಸ್ತೇವ್ರಿ."

"ಕೂಸಿಗೆ ಎರ್ಯಾಕ? ಅರಿವಿ ಒಗ್ಯಾಕ? ಬಾಣಂತಿ ಮೈ ತೊಳ್ಯಾಕ? ಎಲ್ಲಾಕ್ಕೂ ಕ್ಯಾನ್ ತರಸ್ತೀರೇನು? ವಾರ್ಡಿನ್ಯಾಗ ನಾ ಏನೇನ್ ನೋಡೇನಿ, ಉಣ್ಣು ಹೊತ್ತಿನ್ಯಾಗ ಹೇಳೂದಲ್ಲ. ಬಾವಿ ನೀರು ಚಲೋ ಐತಿ ಅಂತ ಲ್ಯಾಬಿನಿಂದ ಒಂದು ಸರ್ಟಿಫಿಕೇಟ್ ತಗೊಂಡ ಬರ್ರಿ. ಅವತ್ತ ನಾನ ಬಂದು ಬಿಟ್ಟ ಹೋಗ್ತೇನಿ."

ಪಂಕ್ತಿಯ ತುದಿಯಲ್ಲಿದ್ದ ಒಬ್ಬ ಅಜ್ಜಿ, "ಬಾಣಂತನಕ್ಕೂ ಸರ್ಟಿಫಿಕೇಟ್ ಬಂತಲ್ಲಬೇ ಯವ್ವಾ," ಎಂದಾಗ ಹೆಂಗಸರೆಲ್ಲ ನಕ್ಕರು. ಅಕ್ಕನೂ ನಕ್ಕಳು. ಬಸ್‌ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ಮಾತ್ರ ನನ್ನ ಮುಖ ನೋಡದೆ ಹೇಳಿದಳು: "ಚೊಚ್ಚಲ ಬಾಣಂತನ ತವರಾಗ ಆಗಲಿಲ್ಲಂದ್ರ ಆಕಿ ಜೀವನಪೂರ್ತಿ ಅನಸ್ಕೊಳ್ಳಬೇಕಾಕೈತಿ. ನೀ ಇಂಜಿನಿಯರ್ ಅದಿಯಪ್ಪ. ಏನ್ ಮಾಡ್ತಿ ನೋಡು."

ನಾನು ಮಾಡುತ್ತೇನೆ ಎಂದೆ. ಆ ಮಾತನ್ನು ಎಷ್ಟು ಸಲೀಸಾಗಿ ಆಡಿದೆ ಎಂದು ಈಗ ಅನಿಸುತ್ತದೆ.

ಮೊದಲ ದಿನ, ಸಂಡಾಸದ ಹೊಲಸು ಬಂದು ನಿಲ್ಲುವ ಸೆಪ್ಟಿಕ್ ಟಾಕಿಯ ಎರಡೂ ಮುಚ್ಚಳ ಸರಿಸಿ ದೂರ ನಿಂತೆವು. ಒಳಗಿನ ವಿಷಗಾಳಿ ಹೊರಹೋಗುವವರೆಗೆ ಯಾರೂ ಬಗ್ಗಿ ನೋಡಬಾರದು, ಬೀಡಿ ಹಚ್ಚಬಾರದು. ಗಾಳಿ ಹೋದ ಮೇಲೂ ಒಳಗೆ ಇಳಿಯುವ ಮಾತೇ ಇಲ್ಲ. ತಿಕೋಟಾದಿಂದ ಇಬ್ಬರು ಆಳುಗಳನ್ನು ಕರೆಸಿ ಇಳಿಸಿಬಿಡೋಣ, ಬೇಗ ಮುಗಿಯುತ್ತದೆ ಎಂದರು ಮಾಮಾ.

"ಒಬ್ಬ ಸತ್ರ ಏನ್ ಮಾಡ್ತೀರಿ ಮಾಮಾ? ಯಾರೂ ಇಳಿಯಾಂಗಿಲ್ಲ. ನಾನೂ ಇಳಿಯಾಂಗಿಲ್ಲ. ಮ್ಯಾಲೆ ನಿಂತು ಆಗೂದಿದ್ರ ಆಗ್ಲಿ, ಇಲ್ಲಂದ್ರ ಬಿಡ್ಲಿ."

ಟಾಕಿ ಎಲ್ಲಿ ಏನು ಎಂದು ತೋರಿಸಲು ಗೌಂಡಿಯನ್ನು ಕರೆಸಿದ್ದೆ. ಅವನು ಗೋಡೆಗೆ ಒರಗಿ ನಿಂತು, "ಅಷ್ಟೆಲ್ಲಾ ಓದಿ ಕಡೀಕ ಸಂಡಾಸದ ಗುಂಡಿಗೇ ಬಂದ್ಯಲ್ಲೋ ತಮ್ಮಾ," ಎಂದ.

"ನೀ ಸರಿಯಾಗಿ ಕಟ್ಟಿದ್ರ ಯಾಕ ಬರ್ತಿದ್ದೆ ಕಾಕಾ?" ಎಂದೆ. ಅವನೂ ನಕ್ಕ. ಆದರೆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತ್ತು. ಮಗ ಮಣ್ಣು ಕೆದರುವ ಕೆಲಸದಿಂದ ದೂರ ಹೋಗಲಿ ಎಂದೇ ನಮ್ಮಪ್ಪ ನನ್ನನ್ನು ಓದಿಸಿದ್ದು.

ಉದ್ದನೆಯ ಕೋಲಿಗೆ ಬಿಳಿ ಟವೆಲ್ ಸುತ್ತಿ ಟಾಕಿಯ ತಳದವರೆಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು, ನಿಧಾನವಾಗಿ ಎತ್ತಬೇಕು. ತಳದ ಕೆಸರು ಎಲ್ಲಿಯವರೆಗಿದೆಯೋ ಅಲ್ಲಿಯವರೆಗೆ ಟವೆಲ್ ಕಪ್ಪಾಗಿರುತ್ತದೆ. ಮೇಲೆ ತೇಲುವ ಕೆನೆಯ ದಪ್ಪವನ್ನು ಬೇರೆ ಕೋಲಿನಿಂದ ನೋಡಬೇಕು. ಕೆಸರು ಅರ್ಧಕ್ಕಿಂತ ಮೇಲಿತ್ತು. ಟ್ಯಾಂಕರ್ ಬಂದು ಹೀರಿ ಹೋಗಿ ಬಹಳ ದಿನವೂ ಆಗಿರಲಿಲ್ಲ. ಹೊರಹೋಗುವ ಪೈಪಿಗೆ ಟಿ ಆಕಾರದ ತುಂಡು ಇರಬೇಕು. ಮೇಲಿನ ಕೆನೆ, ಕೆಳಗಿನ ಕೆಸರು ಎರಡನ್ನೂ ತಡೆದು ನಡುವಿನ ತಿಳಿನೀರನ್ನಷ್ಟೇ ಅದು ಪಕ್ಕದ, ಕಲ್ಲು ತುಂಬಿದ ಇಂಗುಗುಂಡಿಗೆ ಬಿಡುತ್ತದೆ. ಅದು ಮುರಿದು ಬಿದ್ದಿತ್ತು. ಇಂಗುಗುಂಡಿಯ ಕಲ್ಲುಗಳ ಮೇಲೆ ಜಿಡ್ಡು ಹತ್ತಿತ್ತು.

ಕಾರಣ ಸಿಕ್ಕಿತು ಎಂದುಕೊಂಡೆ. ಸಂಡಾಸಕ್ಕೆ ಏನೇನು ಸುರಿಯುತ್ತೀರಿ ಎಂದು ಅಕ್ಕನನ್ನು ಕೇಳಿದೆ. ಆ್ಯಸಿಡ್ ಇಲ್ಲ, ಫಿನೈಲ್ ಇಲ್ಲ, ನೀರು, ಕಸಬರಿಗೆ ಅಷ್ಟೇ ಎಂದಳು. ಟ್ಯಾಂಕರ್ ಕರೆಸಿ ಟಾಕಿ ಬರಿದು ಮಾಡಿಸಿ, ಹೊಸ ಟಿ ಕೂರಿಸಿ, ಇಂಗುಗುಂಡಿಯ ಕಲ್ಲುಗಳನ್ನೆಲ್ಲ ಮೇಲಿನಿಂದಲೇ ಕೊಕ್ಕೆ ಹಾಕಿ ತೆಗೆಸಿ, ಬೇರೆ ಕಲ್ಲು ತುಂಬಿಸಿದೆ. ನೀರು ಸರಾಗವಾಗಿ ಇಂಗತೊಡಗಿತು. ಅಂಗಳ ಒಣಗಿತು. ಅಕ್ಕ ಬೀಗಿತಿಗೆ ಫೋನು ಮಾಡಿ ಮಂಚವನ್ನು ಬಿಸಿಲಿಗೆ ಹಾಕಿದ್ದೇನೆ ಎಂದು ಹೇಳಿದಳಂತೆ. ತೊಟ್ಟಿಲಿಗೆ ಹಗ್ಗ ತರಲು ತಿಕೋಟಾಕ್ಕೆ ಹೋಗಿ ಬಂದಳಂತೆ.

ಒಂದೆರಡು ವಾರ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಅವಳ ಫೋನು ಬಂತು. "ತಮ್ಮಾ, ಮತ್ತ ಗುಳುಗುಳು ಅನ್ನಾಕತ್ತೈತಿ," ಎಂದು ಹೇಳಿ ಇಟ್ಟುಬಿಟ್ಟಳು.

ಹೋಗಿ ನೋಡಿದರೆ ಅಂಗಳದಲ್ಲಿ ಅದೇ ನೀರು. ಈ ಸಲ ನನಗೆ ಬಾವಿಯ ಭಯ ಹುಟ್ಟಿತು. ನಾನು ಓದಿದ ಕಾಲೇಜಿನ ಲ್ಯಾಬಿನಲ್ಲಿ ನೀರಿನ ಜಾಡು ಹಿಡಿಯಲು ಹಸಿರು ಬಣ್ಣ ಬಿಡುವ ಪುಡಿ ಇರುತ್ತದೆ. ಪರಿಚಯದವರನ್ನು ಕೇಳಿ ಒಂದು ಡಬ್ಬಿ ತಂದೆ. ಅದನ್ನು ಬಕೆಟ್ ನೀರಿನಲ್ಲಿ ಕದಡಿ ಇಂಗುಗುಂಡಿಗೆ ಸುರಿದು, ಬಾವಿಯ ಮೋಟರು ಹಚ್ಚಿ ನೀರು ಇಳಿಸಿ, ಕಾದೆವು. ಮರುದಿನ ಮಧ್ಯಾಹ್ನ ಬಿಸಿಲು ನೇರ ಬಿದ್ದಾಗ ಬಾವಿಯ ಗೋಡೆಯಲ್ಲಿ, ಇಂಗುಗುಂಡಿಯ ಕಡೆಗಿರುವ ಒಂದು ಬಿರುಕಿನಿಂದ, ತೆಳ್ಳಗೆ ಹಸಿರು ಎಳೆ ಇಳಿಯುತ್ತಿತ್ತು. ನೋಡಲು ಪಾಚಿಯಂತಿತ್ತು, ಆದರೆ ಪಾಚಿ ಹೊಳೆಯುವುದಿಲ್ಲ.

ನಮ್ಮ ಕಡೆಯ ನೆಲವೇ ಹಾಗೆ. ಮೇಲೆ ಮೊಳದಷ್ಟು ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಸೀಳುಬಿಟ್ಟ ಕರಿಕಲ್ಲು. ಮಣ್ಣಿನಲ್ಲಿ ನೀರು ಸೋಸುತ್ತದೆ, ಬಿರುಕಿನಲ್ಲಿ ಬರೀ ಹರಿಯುತ್ತದೆ. ಗುಂಡಿಗೂ ಬಾವಿಗೂ ಇಷ್ಟು ಅಂತರ ಇರಲಿ ಎಂದು ಪುಸ್ತಕದಲ್ಲಿ ಓದಿದ್ದು ಸೀಳುಗಲ್ಲಿಗೆ ಅನ್ವಯಿಸುವುದಿಲ್ಲ. ಹೊಸ ಕಲ್ಲು ತುಂಬಿದ ಮೇಲೆ ನೀರು ಚೆನ್ನಾಗಿ ಇಂಗುತ್ತಿದೆ ಎಂದು ನಾವು ಖುಷಿಪಟ್ಟೆವಲ್ಲ, ಆ ದಿನಗಳಲ್ಲಿ ಅದು ನೇರ ಬಾವಿಗೆ ಹೋಗುತ್ತಿತ್ತು. ಅಕ್ಕ ದಂಡೆಯ ಮೇಲೆ ಕೈ ಊರಿ ಬಹಳ ಹೊತ್ತು ಕೆಳಗೆ ನೋಡಿದಳು. "ಇದ ನೀರು ಮುಂಜಾನಿ ಕುಡದೇನಿ," ಎಂದಳು.

ಬಾವಿಗೆ ದಾರಿ ತಿಳಿಯಿತು. ಆದರೆ ಟಾಕಿಯಲ್ಲಿ ಕೆಸರು ಕರಗದೆ ಯಾಕೆ ಉಳಿಯುತ್ತಿದೆ, ಹೊಸ ಕಲ್ಲಿಗೆ ಇಷ್ಟು ಬೇಗ ಜಿಡ್ಡು ಯಾಕೆ ಹತ್ತಿತು ಎನ್ನುವುದು ತಿಳಿಯಲಿಲ್ಲ. ಟಾಕಿಯ ನೀರಿನಲ್ಲಿ ಬಣ್ಣ ಬದಲಾಗುವ ಕಾಗದ ಅದ್ದಿದೆ. ಅದು ಗಾಢ ನೀಲಿಗೆ ತಿರುಗಿತು. ಕ್ಷಾರ. ಮೂಗಿಗೆ ಸಂಡಾಸದ ವಾಸನೆಗಿಂತ ಸಾಬೂನಿನ ವಾಸನೆಯೇ ಹೆಚ್ಚು ಬಂತು. ಅಕ್ಕನನ್ನು ಮತ್ತೆ ಕೇಳಿದೆ. ಅವಳಿಗೆ ಸಿಟ್ಟು ಬಂತು. "ನಾ ಏನ್ ಸುಳ್ಳ ಹೇಳಾಕತ್ತೇನೇನು?"

ಉತ್ತರ ಅದೇ ಸಂಜೆ ಕಣ್ಣೆದುರು ಬಂತು. ದ್ರಾಕ್ಷಿ ಕಟಾವು ಆಗಲೇ ಶುರುವಾಗಿತ್ತು. ಒಣಗಿಸುವ ಮುಂಚೆ ಹಣ್ಣಿನ ಬುಟ್ಟಿಗಳನ್ನು ಒಂದು ದ್ರಾವಣದಲ್ಲಿ ಅದ್ದಿ ತೆಗೆಯುತ್ತಾರೆ. ಕ್ಷಾರದ ಪೌಡರು, ಜೊತೆಗೆ ಡಿಪ್ಪಿಂಗ್ ಎಣ್ಣೆ. ಸಿಪ್ಪೆಯ ಮೇಲಿನ ಮೇಣ ಬಿಟ್ಟು ಹಣ್ಣು ಬೇಗ ಒಣಗುತ್ತದೆ. ಮಾಮಾ ಶೆಡ್ಡಿನಿಂದ ಒಂದು ಬ್ಯಾರಲ್ ಉರುಳಿಸಿಕೊಂಡು ಬಂದರು, ಸಂಡಾಸದ ಹಿಂದಿನ ಚೇಂಬರಿನ ಮುಚ್ಚಳವನ್ನು ಕಾಲಿನಿಂದ ಸರಿಸಿದರು, ಬ್ಯಾರಲ್ ಬಗ್ಗಿಸಿದರು. ಹಾಲಿನಂಥ ನೀರು ಗಳಗಳ ಇಳಿಯಿತು.

"ಮಾಮಾ, ಏನ್ ಮಾಡಾಕತ್ತೀರಿ?"

"ಅದ್ದಿದ ನೀರು ಹಳೇದಾಗೇತಿ, ಚೆಲ್ಲಾಕತ್ತೇನಿ. ತ್ವಾಟದಾಗ ಚೆಲ್ಲಿದ್ರ ಬಳ್ಳಿ ಸುಡತೈತಿ. ಅಂಗಳದಾಗ ಚೆಲ್ಲಿದ್ರ ಎಮ್ಮಿ ನೆಕ್ಕತೈತಿ."

"ಎಂದಿಂದ ಇಲ್ಲಿ ಚೆಲ್ಲಾಕತ್ತೀರಿ?"

"ಸಂಡಾಸ ಕಟ್ಟಿದಾಗಿಂದ. ನೋಡು, ಕೈ ಎಷ್ಟು ಸ್ವಚ್ಛ ಆಗ್ಯಾವ. ಸಾಬಾನಕಿಂತ ಚಲೋ. ಪೈಪೂ ಸ್ವಚ್ಛ ಆಕ್ಕಾವಂತ ಹಾಕ್ತೇನಿ."

"ನನಗ ಯಾಕ ಹೇಳಲಿಲ್ಲರಿ?"

"ಸಂಡಾಸಕ್ಕ ಏನ್ ಹಾಕ್ತೀರಿ ಅಂತ ನಿಮ್ಮಕ್ಕನ್ನ ಕೇಳಿದಿ. ಶೆಡ್ಡಿನ ಮಾತು ನನ್ನ ಯಾರ ಕೇಳ್ಯಾರ?"

ಮಾತು ನಿಜ. ಸಂಡಾಸ ತೊಳೆಯುವುದು ಹೆಂಗಸರ ಕೆಲಸ, ಬ್ಯಾರಲ್ ಚೆಲ್ಲುವುದು ಗಂಡಸರ ಕೆಲಸ. ಎರಡೂ ಒಂದೇ ಪೈಪಿಗೆ ಸೇರುತ್ತವೆ ಎಂದು ಆ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಟಾಕಿಯೊಳಗೆ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ, ಹೆಪ್ಪು ಹಾಲನ್ನು ಮೊಸರು ಮಾಡಿದಂತೆ ಅವು ಹೊಲಸನ್ನು ಕರಗಿಸುತ್ತವೆ, ನೀವು ಹೆಪ್ಪಿನ ಮೇಲೆ ಸುಣ್ಣದ ನೀರು ಸುರಿದಿದ್ದೀರಿ ಎಂದು ವಿವರಿಸಿದೆ. ಎಣ್ಣೆ ಸಾಬೂನಿನಂತಾಗಿ ಕಲ್ಲಿಗೆಲ್ಲ ಮೆತ್ತಿಕೊಂಡಿದೆ ಎಂದೆ. ಮಾಮಾ ಖಾಲಿ ಬ್ಯಾರಲ್ ಮೇಲೆಯೇ ಕುಳಿತರು. ಆಮೇಲೆ ಎದ್ದು ಹೋಗಿ ಎಮ್ಮೆಗೆ ಮೇವು ಹಾಕಿದರು.

ಇಂಗುಗುಂಡಿಯನ್ನು ಇನ್ನೊಮ್ಮೆ ತೊಳೆದು ನೋಡೋಣ ಎಂಬ ಆಸೆ ನನಗೂ ಇತ್ತು, ಅದಕ್ಕೆ ಕೆಲವೇ ದಿನ ಸಾಕು. ಆದರೆ ಆ ನೆಲದಲ್ಲಿ ಎಷ್ಟು ಚೆನ್ನಾಗಿ ಇಂಗಿದರೆ ಬಾವಿಗೆ ಅಷ್ಟು ಕೆಟ್ಟದ್ದು. ಗುಂಡಿಯನ್ನು ಪೂರ್ತಿ ಮುಚ್ಚುವುದು, ನೆಲಕ್ಕೆ ಒಂದು ಹನಿಯೂ ಇಳಿಯದಂತೆ ಬೇರೆ ವ್ಯವಸ್ಥೆ ಮಾಡುವುದು, ಅಲ್ಲಿಯವರೆಗೆ ಸಂಡಾಸಕ್ಕೆ ಬೀಗ ಹಾಕುವುದು ಎಂದು ತೀರ್ಮಾನಿಸಿದೆ. ಅಕ್ಕನಿಗೆ ಹೇಳಿದಾಗ ಅವಳು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.

"ಅಂದ್ರ ಈ ವಯಸ್ಸಿನ್ಯಾಗ ನಾ ಮತ್ತ ನಸಕಿನ್ಯಾಗ ಹೊಲಕ್ಕ ಹೋಗಬೇಕು?"

"ಸ್ವಲ್ಪ ದಿನ ಬೇ ಅಕ್ಕಾ."

"ಇಂಜಿನಿಯರ್ ತಮ್ಮ ಬಂದು ಇದ್ದ ಸಂಡಾಸಕ್ಕ ಕೀಲಿ ಹಾಕಿದ ಅಂತ ಯಾರಿಗಾದ್ರೂ ಹೇಳಿದ್ರ ನಗ್ತಾರ."

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಕೀಲಿ ಹಾಕಿದೆ.

ಬಾವಿಯಿಂದ ಇಳಿಜಾರಿನಲ್ಲಿ, ತೋಟದ ಆಚೆ ಅಂಚಿಗೆ, ಉದ್ದನೆಯ ತೊಟ್ಟಿಯಂತೆ ಅಗೆಸಿದೆ. ಕೃಷಿಹೊಂಡಕ್ಕೆ ಹಾಸುವ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಬಬಲೇಶ್ವರದಿಂದ ತಂದು ಒಳಗೆಲ್ಲ ಹಾಸಿ, ಜಲ್ಲಿ, ಅದರ ಮೇಲೆ ಉಸುಕು ತುಂಬಿಸಿ, ಕಾಬಾಳೆಯ ಗಡ್ಡೆ ನೆಟ್ಟೆವು. ಟಾಕಿಯಿಂದ ಬರುವ ನೀರು ಒಂದು ತುದಿಯಿಂದ ಜಲ್ಲಿಯೊಳಗೆ ನುಗ್ಗಿ, ಬೇರುಗಳ ನಡುವೆ ನಿಧಾನ ಸರಿದು, ಇನ್ನೊಂದು ತುದಿಯಿಂದ ಎಮ್ಮೆಯ ಮೇವಿನ ಹುಲ್ಲಿಗೆ ಹೋಗಬೇಕು. ಹಾಳೆ ಹಾಸುವ ದಿನ ಒಂದು ಕಲ್ಲಿನ ಮೊನೆ ತಾಗಿ ಹರಿಯಿತು. ಎಲ್ಲ ತೆಗೆದು, ತಳಕ್ಕೆ ಮಣ್ಣು ಹರಡಿ, ತೇಪೆ ಹಾಕಿ, ಮತ್ತೆ ಹಾಸಿದೆವು. ಅದ್ದಿದ ನೀರಿಗೆ ಶೆಡ್ಡಿನ ಪಕ್ಕ ಹಾಳೆ ಹಾಸಿದ ಬೇರೆ ಹೊಂಡ ಮಾಡಿ, ಎಮ್ಮೆ ಹೋಗದಂತೆ ಸುತ್ತ ಮುಳ್ಳು ಹಚ್ಚಿದವರು ಮಾಮಾ. ಬಿಸಿಲಿಗೆ ಅದು ಅಲ್ಲೇ ಆರಿಹೋಗುತ್ತದೆ.

ಟಾಕಿಯನ್ನು ಬರಿದು ಮಾಡಿಸಿ, ಒಳ್ಳೆಯ ನೀರು ತುಂಬಿಸಿದ ಮೇಲೆ ಹೆಪ್ಪು ಬೇಕಿತ್ತು. ಸಾರವಾಡದಲ್ಲಿ ನನ್ನ ಸಹಪಾಠಿಯ ಮನೆಯ ಟಾಕಿ ವರ್ಷಗಳಿಂದ ತಕರಾರಿಲ್ಲದೆ ನಡೆಯುತ್ತಿತ್ತು. ಮುಚ್ಚಳವಿರುವ ಎರಡು ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಹೋದೆ. "ಊರ ಮಂದಿ ನಮ್ಮ ಮನಿಗಿ ಮೊಸರು ಬೇಡ್ಕೊಂಡು ಬರ್ತಾರ. ಇದನ್ನ ಬೇಡ್ಕೊಂಡು ಬಂದವ ನೀನ ಮೊದಲ್ನೇವ ನೋಡು," ಎಂದ ಅವನು, ಮೂಗು ಮುಚ್ಚಿಕೊಂಡೇ ಕ್ಯಾನು ತುಂಬಿಸಿಕೊಟ್ಟ.

ಬೀಗ ತೆಗೆದ ದಿನ ಯಾರಿಗೂ ಸಂಭ್ರಮವಿರಲಿಲ್ಲ. ನೀರು ಹೋಯಿತು. ಮರುದಿನವೂ ಹೋಯಿತು. ಕೋಲು ಇಳಿಸಿದಾಗ ಗುಳ್ಳೆಗಳು ಎದ್ದವು, ಕಾಗದ ನೀಲಿಗೆ ತಿರುಗಲಿಲ್ಲ. ಹಸಿರು ಬಣ್ಣವನ್ನು ಈ ಸಲ ಟಾಕಿಗೆ ಹಾಕಿದೆ. ಬಾವಿಯ ಬಿರುಕು ಒಣಗಿಯೇ ಇತ್ತು.

ಬಾವಿಯನ್ನು ಮೋಟರು ಹಚ್ಚಿ ತಳದವರೆಗೆ ಹೊಡೆಸಿದೆವು. ಬ್ಲೀಚಿಂಗ್ ಪೌಡರು ಕದಡಿ ಹಾಕಿ, ಗೋಡೆಗೂ ಚಿಮುಕಿಸಿ, ಊಟೆಯಿಂದ ನೀರು ಒಸರಿ ತುಂಬಿದ ಮೇಲೆ ಮತ್ತೆ ಹೊಡೆಸಿದೆವು. ಹೀಗೆ ಹಲವು ಸಲ. ಈ ಹೊತ್ತಿಗೆ ಅಕ್ಕನ ಮಗಳಿಗೆ ದಿನ ತುಂಬುತ್ತ ಬಂದಿದ್ದವು. ಬ್ಲೀಚಿಂಗ್ ವಾಸನೆ ಪೂರ್ತಿ ಹೋದ ಮೇಲೆಯೇ ನೀರಿನ ಮಾದರಿ ಹಿಡಿಯಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ಅಕ್ಕ ದಿನಾ ಒಂದು ಚರಿಗೆ ನೀರು ಎತ್ತಿ ಮೂಸಿ ನೋಡುತ್ತಿದ್ದಳು.

ಮಾದರಿ ಹಿಡಿಯುವ ಬೆಳಿಗ್ಗೆ ನಾನು ಲ್ಯಾಬಿನವರು ಕೊಟ್ಟ ಬಾಟಲಿ, ಮಂಜುಗಡ್ಡೆಯ ಡಬ್ಬಿ ತಂದಿದ್ದೆ. ಅಕ್ಕ ಪಡಸಾಲೆಯಲ್ಲಿ ಒಂದು ಕ್ಯಾನು ಇಟ್ಟುಕೊಂಡು ಕುಳಿತಿದ್ದಳು. ಊರಿನ ಶುದ್ಧ ನೀರಿನ ಘಟಕದಿಂದ ತಂದದ್ದು.

"ಇದರಾಗಿಂದು ತುಂಬಕೊಂಡು ಹೋಗು."

ನಾನು ಬಾಟಲಿಯನ್ನು ಹಿಂದಕ್ಕೆ ಎಳೆದುಕೊಂಡೆ.

"ಗುಂಡಿ ಸರಿ ಆಗೇತಿ ಅಂತ ನೀನ ಹೇಳಿದಿ. ಬಾವಿ ತೊಳದಿ. ಇನ್ನೇನ್ ಐತಿ? ಈ ಕಾಗದ ಒಂದು ಬಂದ್ರ ನನ್ನ ಮಗಳು ಬರ್ತಾಳ. ಕುಡ್ಯಾಕ ಕ್ಯಾನ್ ನೀರ ಕೊಡ್ತೇನಿ, ದೇವರಾಣಿ."

"ನೀರು ಚಲೋ ಇದ್ರ ಬಾವಿದೂ ಚಲೋನ ಬರ್ತೈತಿ ಅಕ್ಕಾ."

"ಇರಲಿಲ್ಲಂದ್ರ?"

"ಇರಲಿಲ್ಲಂದ್ರ ಕೂಸಿಗೆ ಅದ ನೀರಾಗ ಎರೀತಿ."

ಅವಳು ಕ್ಯಾನಿನ ಮೇಲಿನ ಕೈ ತೆಗೆಯಲಿಲ್ಲ. ನಾನು ಬಾವಿಗೆ ಹೋಗಿ, ಕೊಡವನ್ನು ಕುದಿನೀರಿನಲ್ಲಿ ತೊಳೆದು ಇಳಿಸಿ, ಬಾಟಲಿ ತುಂಬಿದೆ. ಡಿಗ್ರಿಯಿಂದ ನನಗೆ ಆಫೀಸು ಬಂತು, ಊರಲ್ಲಿ ಮರ್ಯಾದೆ ಬಂತು. ಅಕ್ಕನಿಗೆ ಇಲ್ಲ ಅನ್ನಬೇಕಾಗಿ ಬಂದದ್ದೂ ಅದರಿಂದಲೇ. ಮಾಮಾ ನನ್ನ ಹಿಂದೆ ಬಂದು ಮಂಜುಗಡ್ಡೆಯ ಡಬ್ಬಿಯನ್ನು ಬೈಕಿಗೆ ಕಟ್ಟಿಕೊಟ್ಟರು.

ವರದಿ ಬಂತು. ರೋಗಾಣು ಕಂಡುಬಂದಿಲ್ಲ. ಆ ಸಾಲನ್ನು ಲ್ಯಾಬಿನ ಮೆಟ್ಟಿಲ ಮೇಲೆ ನಿಂತು ಎರಡು ಸಲ ಓದಿದೆ. ಅದರ ಕೆಳಗಿನ ಸಾಲಿನಲ್ಲಿ ನೈಟ್ರೇಟ್ ಮಿತಿಗಿಂತ ಬಹಳ ಹೆಚ್ಚು ಎಂದಿತ್ತು. ಕೊನೆಯಲ್ಲಿ ಕೆಂಪಗೆ ಒತ್ತಿದ ಶಿಕ್ಕಾ: ಕುಡಿಯಲು ಯೋಗ್ಯವಲ್ಲ.

ನೈಟ್ರೇಟ್ ಬ್ಲೀಚಿಂಗ್‌ನಿಂದ ಹೋಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಎಳೆಗೂಸಿನ ಹೊಟ್ಟೆಗೆ ಬಿದ್ದರೆ ರಕ್ತಕ್ಕೆ ಉಸಿರು ಹೊರುವ ಶಕ್ತಿ ತಗ್ಗುತ್ತದೆ. ಅದರಲ್ಲಿ ನಮ್ಮ ಇಂಗುಗುಂಡಿಯ ಪಾಲು ಎಷ್ಟು, ಸುತ್ತಲಿನ ತೋಟಗಳಿಗೆ ವರ್ಷವರ್ಷ ಹಾಕಿದ ಗೊಬ್ಬರದ ಪಾಲು ಎಷ್ಟು ಎಂದು ಬೇರ್ಪಡಿಸಿ ಅಳೆಯಲು ಬರುವುದಿಲ್ಲ. ಗುಂಡಿಯನ್ನು ದುರಸ್ತಿ ಮಾಡಬಹುದು. ಸೀಳುಗಲ್ಲಿನೊಳಗೆ ಹರಡಿದ್ದನ್ನು ಹೊರಗೆ ತೆಗೆಯುವ ವಿದ್ಯೆ ನನಗೆ ಗೊತ್ತಿಲ್ಲ.

ಅಕ್ಕನನ್ನು ಕರೆದುಕೊಂಡು ಬೀಗರ ಮನೆಗೆ ಹೋದೆ. ಬರುವುದು ಬೇಡ ಎಂದೆ, ಕೇಳಲಿಲ್ಲ. ಅವಳ ಮಗಳು ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದಳು. ಅವಳ ಬಟ್ಟೆಯ ಚೀಲ ತುಂಬಿಕೊಂಡು ಗೋಡೆಯ ಪಕ್ಕ ಸಿದ್ಧವಾಗಿತ್ತು. ನಾನು ಸರ್ಟಿಫಿಕೇಟನ್ನು ಬೀಗಿತಿಯ ಕೈಗೆ ಕೊಟ್ಟೆ. ಅವರು ಚಸ್ಮಾ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು.

"ಗುಂಡಿ?"

"ಸರಿ ಆಗೇತ್ರಿ."

"ಇದು ಕುದಿಸಿದ್ರ ಹೋಗೂದಲ್ಲ."

"ಹೋಗೂದಲ್ರಿ."

ಅವರು ಕಾಗದವನ್ನು ಮಡಚಿ ಕೈಯಲ್ಲೇ ಇಟ್ಟುಕೊಂಡರು. "ಬ್ಯಾರೆ ಯಾರರ ಆಗಿದ್ರ ಚಲೋದೊಂದು ಬರಿಸಿಕೊಂಡ ಬರ್ತಿದ್ರು," ಎಂದು ನನ್ನನ್ನು ನೋಡಿ ಹೇಳಿದರು. ನಾನು ನೆಲ ನೋಡಿದೆ. ಮಗಳು ಚೀಲವನ್ನು ಎತ್ತಿಕೊಂಡು ಒಳಗೆ ಹೋದಳು.

ಅಕ್ಕ ಸೆರಗು ಸರಿಮಾಡಿಕೊಂಡು ಬೀಗಿತಿಯ ಕಡೆ ತಿರುಗಿದಳು.

"ಬಾಣಂತಿಗೆ ಅಂಟಿನುಂಡಿ ನಾನ ಮನ್ಯಾಗ ಮಾಡಿ ತರ್ತೇನ್ರಿ. ಬೆಲ್ಲಾ ತುಪ್ಪದಾಗ ಕರಗಸ್ತೇನಿ. ಅದಕ್ಕ ಒಂದು ಹನಿ ನೀರ ಬೀಳಂಗಿಲ್ಲ."